ಮಂಟಪ ಬೇಡ ಅಂದವಳು

ಜೀಪು ಬಂದು ನಿಂತ ಸದ್ದಿಗೆ ನೇತ್ರಾವತಿ ಸೆರಗು ಸರಿಮಾಡಿಕೊಂಡು ಹೋಂಸ್ಟೇಯಿಂದ ಹೊರಗೆ ಓಡಿ ಬಂದಳು. ಅಂತೂ ಒಬ್ಬರಾದರೂ ಬಂದರಲ್ಲ!

ಇಳಿದವನನ್ನು ಅವಳು ಎಂದೂ ನೋಡಿರಲಿಲ್ಲ. ಎತ್ತರದ ಆಳು. ಮೊಣಕೈವರೆಗೆ ಮಡಚಿದ ಶರ್ಟು, ಚಪ್ಪಲಿಗೆಲ್ಲಾ ತೋಟದ ಕೆಸರು. ಅವನು ಅವಳನ್ನು ನೋಡಿದ. ಆಮೇಲೆ ಅವಳ ಹಿಂದೆ ಸಾಲಾಗಿ ಹಾಕಿದ್ದ ಖಾಲಿ ಕುರ್ಚಿಗಳನ್ನು ನೋಡಿದ.

"ನೇತ್ರಾವತಿಯವ್ರು ನೀವೇನಾ?"

ಅಷ್ಟೇ ಸಾಕಾಯಿತು. ಆ ದನಿ! ದಿನಾ ಬೆಳಿಗ್ಗೆ ಕಾಫಿಗಿಂತ ಮೊದಲು ಅವಳ ಕಿವಿಗೆ ಬೀಳುತ್ತಿದ್ದ ದನಿ...

'ಅಯ್ಯೋ ಶಿವನೇ, ಇವರೇ ಪ್ರತಾಪ್! ಯಾರಿಗೆ ಮುಖ ತೋರಿಸೋಕೆ ಆಗಲ್ಲವೋ ಅವರೇ ಬಂದು ನಿಂತ್ರಲ್ಲಾ!'

ಮುಖ ತೋರಿಸಲಾಗದಂಥದ್ದು ಏನು ಮಾಡಿದ್ದಳು ಅಂತೀರಾ? ಮಾಡಿದ್ದಳು ಬಿಡಿ.

ಆಲೂರು, ಸಕಲೇಶಪುರದ ಕಡೆ ಯಾರ ಫೋನು ತೆಗೆದರೂ ಅಂಥದ್ದೊಂದು ವಾಟ್ಸಾಪ್ ಗುಂಪು ಸಿಗುತ್ತದೆ. ಇವರ ಗುಂಪಿನ ಹೆಸರು 'ಆನೆ ಎಲ್ಲೈತೆ'. ಬೆಳಕು ಹರಿಯುತ್ತಲೇ ಯಾರ ಗದ್ದೆಯಲ್ಲಿ ಆನೆ ನಿಂತಿದೆ, ಯಾವ ದಾರಿಗೆ ಹೋಗಬಾರದು ಅಂತ ವಾಯ್ಸ್ ಮೆಸೇಜುಗಳು ಬರುತ್ತವೆ. ಅದನ್ನು ಕೇಳಿಕೊಂಡೇ ಜನ ಕೆಲಸಕ್ಕೆ ಹೊರಡುವುದು. ಗುಂಪು ಶುರುಮಾಡಿದವಳು ಮಗ್ಗೆಯಲ್ಲಿ ಬ್ಲೌಸ್ ಹೊಲಿಯುವ ನಮ್ಮ ನೇತ್ರಾವತಿ. ಕುಂದೂರಿನ ಪ್ರತಾಪ್ ತೋಟದ ಆಳುಗಳನ್ನು ಜೀಪಿನಲ್ಲಿ ಕರೆದೊಯ್ಯುವವನು. ಪ್ರತಿ ಮೆಸೇಜಿನ ಕೊನೆಗೂ "ಹುಷಾರು ಕಣ್ರೀ" ಅನ್ನುತ್ತಿದ್ದ. ಎಲ್ಲರಿಗೂ ಹೇಳುತ್ತಿದ್ದ ಮಾತದು. ಇವಳು ಮಾತ್ರ ತನಗೇ ಹೇಳಿದ್ದು ಅಂದುಕೊಂಡು ಒಬ್ಬಳೇ ನಗುತ್ತಿದ್ದಳು.

ಒಂದು ದಿನ ಎಲ್ಲರಿಗೂ ಆಸೆ ಬಂತು. ಬರೀ ದನಿ ಕೇಳಿದ್ದು ಸಾಕು, ಒಮ್ಮೆ ಮುಖ ನೋಡೋಣ. ಸರಿ, ಎಲ್ಲಿ ಸೇರೋದು?

"ಆಲೂರೇ ಒಳ್ಳೇದು. ಬಸ್ ಸ್ಟ್ಯಾಂಡ್ ಹಿಂದಿನ ಕಲ್ಯಾಣ ಮಂಟಪ. ಬಸ್ಸಿಳಿದ್ರೆ ನಾಕು ಹೆಜ್ಜೆ. ಕತ್ತಲಾಗೋಕೆ ಮುಂಚೆ ಎಲ್ರೂ ಮನೆ ಸೇರ್ಬೋದು" ಅಂದ ಪ್ರತಾಪ್.

ಎಲ್ಲರೂ ಹೂಂ ಅಂದರು. ಇವಳೊಬ್ಬಳು ಬೇಡ ಅಂದಳು. ಸಕಲೇಶಪುರದ ಆಚೆ ತೋಟದ ನಡುವೆ ಚೆಂದದ ಹೋಂಸ್ಟೇ ಇದೆ, ಅಲ್ಲೇ ಆಗಲಿ ಅಂದಳು. "ಮಂಟಪ ಯಾಕೆ ಬೇಡ?" ಅಂತ ಅವನು ಕೇಳಿದಾಗ ಹೇಳಲಾಗದೆ ತಡಬಡಿಸಿ, ಗುಂಪಿನಲ್ಲೇ ಟೈಪ್ ಮಾಡಿಬಿಟ್ಟಳು:

"ಕೆಲವರಿಗೆ ತಮ್ಮ ಅನುಕೂಲವೇ ಹೆಚ್ಚು. ಕುಂದೂರಿಗೆ ಹತ್ತಿರ ಅಂತ ಎಲ್ಲರೂ ಆಲೂರಿಗೆ ಬರಬೇಕಾ?"

ಅಡ್ಮಿನ್ ಮಾತು, ಯಾರೂ ಎದುರಾಡಲಿಲ್ಲ. ಮಾರನೇ ದಿನದಿಂದ ಪ್ರತಾಪ್ ಬರೀ ಆನೆ ಸುದ್ದಿ ಹಾಕುತ್ತಿದ್ದ. ಹುಷಾರು ಕಣ್ರೀ ಅನ್ನುವುದು ನಿಂತುಹೋಯಿತು.

ಈಗ ಅವನೇ ಎದುರಿಗಿದ್ದಾನೆ.

"ಉಳಿದೋರು... ಎಲ್ಲಿ?" ಅವಳು ಖಾಲಿ ಜೀಪಿನ ಕಡೆ ನೋಡಿದಳು.

"ಆಲೂರಲ್ಲೇ ಅವ್ರೆ. ಆನೆ ಹಿಂಡು ಈ ರೋಡಿಗೇ ಇಳ್ದೈತೆ. ಬಸ್ಸೆಲ್ಲಾ ನಿಲ್ಸ್‌ಬುಟ್ಟವ್ರೆ. ಗುಂಪಲ್ಲಿ ಎಲ್ರೂ ಬೆಳಿಗ್ಗೆಯಿಂದ ನಿಮ್ಮನ್ನ ಕೂಗ್ತಾವ್ರೆ, ಕೇಳ್ಲಿಲ್ವಾ?"

ನೇತ್ರಾವತಿ ತಲೆ ತಗ್ಗಿಸಿ ಫೋನು ಮುಂದೆ ಹಿಡಿದಳು.

"ಇಲ್ಲಿ... ನೆಟ್‌ವರ್ಕ್ ಇಲ್ಲ."

ಆನೆ ಎಲ್ಲಿದೆ ಅಂತ ಊರಿಗೆಲ್ಲಾ ತಿಳಿಸುವ ಗುಂಪು! ಅದರ ಅಡ್ಮಿನ್ ಆರಿಸಿದ್ದು ಆನೆ ಓಡಾಡುವ ದಾರಿಯಲ್ಲಿ, ಫೋನೂ ಹತ್ತದ ಜಾಗ! ಅವನು ನಕ್ಕುಬಿಟ್ಟಿದ್ದರೆ ಚೆನ್ನಾಗಿತ್ತು. ನಗಲಿಲ್ಲ. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಬಸ್ಸೇ ಇಲ್ಲ ಅಂದ್ರೆ, ನೀವು?"

"ಎಸ್ಟೇಟ್ ಒಳಗಿನ ದಾರೀಲಿ ಬಂದೆ. ಇದೇ ಪಕ್ಕದ ತೋಟಕ್ಕೆ ದಿನಾ ಆಳು ತರೋನಲ್ವಾ? ತೋಟದ ಲೆಕ್ಕ ಬರೆಯೋ ರೈಟ್ರು ಗೇಟ್ ತೆಗ್ಸಿದ್ರು."

ದಿನಾ ಬರುವುದು ಇಲ್ಲಿಗೇ? ಹಾಗಾದರೆ...

"ಹಾಗಾದ್ರೆ ನಿಮಗೆ ಅನುಕೂಲ ಇದೇ ಜಾಗ ಆಗಿತ್ತಾ?"

"ಹೂಂ. ನಮ್ಮ ಗುಂಪಿನ ಕೆಂಚಮ್ಮಂಗೆ ವಯಸ್ಸಾಯ್ತು, ಮಂಡಿನೋವು, ಎರಡು ಬಸ್ ಹತ್ತಿಳಿಯೋಕಾಗಲ್ಲ ಅಂತ ಆಲೂರು ಅಂದೆ."

ಅವಳ ಕಣ್ಣಿಂದ ನೀರು ತಾನಾಗಿ ಇಳಿಯಿತು. "ನಾನು ಅಷ್ಟು ಅಂದ ಮೇಲೂ... ಯಾಕೆ ಬಂದ್ರಿ?"

"ನೀವೊಬ್ರೇ ಇರ್ತೀರಾ ಅಂತ." ಅವನು ಬೇರೆ ಕಡೆ ನೋಡುತ್ತಾ ಹೇಳಿದ. "ನಡೀರಿ. ಎಲ್ರಿಗೂ ಅಂತ ಮಾಡ್ಸಿಟ್ಟಿರೋ ಅಡುಗೆ ಜೀಪಿಗೆ ಹಾಕ್ಕೊಳ್ಳೋಣ. ಮಂಟಪದೋರು ಬಾಗ್ಲು ತೆಗ್ದವ್ರೆ, ಎಲ್ರೂ ಹಸ್ಕೊಂಡು ಕೂತವ್ರೆ."

ಮಂಟಪ!

ಜೀಪು ಎಸ್ಟೇಟ್ ದಾರಿಯಲ್ಲೇ ಆಲೂರಿಗೆ ಹೊರಟಿತು. ಹಿಂದೆ ಕಡುಬಿನ ತಪ್ಪಲೆ ಅಲುಗಾಡುತ್ತಿತ್ತು. ಸಿಗ್ನಲ್ ಸಿಕ್ಕಿದ್ದೇ ತಡ, ಫೋನು ಒಂದೇ ಸಮ ಬಡಿದುಕೊಂಡಿತು. ಕೆಂಚಮ್ಮನ ದನಿ: "ಎಲ್ಲಿದ್ದೀಯೇ ಮಗಾ? ನಮಗೇನೂ ಬೇಡ, ನೀನು ಹುಷಾರಾಗಿದ್ದೀನಿ ಅಂತ ಒಂದು ಮಾತು ಹೇಳ್ಬುಡು..."

ಒಬ್ಬರೂ ಬೈದಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ.

ಮಂಟಪದ ಮುಂದೆ ಜೀಪು ನಿಂತಿತು. ಪ್ರತಾಪ್ ಇಳಿದ. ಅವಳು ಇಳಿಯಲಿಲ್ಲ.

"ಏನಾಯ್ತು?"

"ನನ್ನ ಮದುವೆ ಇಲ್ಲೇ ಇತ್ತು." ಅವಳು ತನ್ನ ಕೈಗಳನ್ನೇ ನೋಡುತ್ತಿದ್ದಳು. "ಹೋದ ವರ್ಷ. ಅರಿಶಿನ ಹಚ್ಕೊಂಡು ಕೂತಿದ್ದೆ, ಹುಡುಗ ಬರಲೇ ಇಲ್ಲ... ಎದ್ದು ಹೋದೋರೆಲ್ಲಾ ನನ್ನ ಮುಖ ನೋಡ್ಕೊಂಡೇ ಹೋದ್ರು. ಅದೇ ಬಾಗಿಲಲ್ಲಿ ನಿಂತು ನಿಮ್ಮನ್ನ ಮೊದಲ್ನೇ ಸಲ ನೋಡೋಕೆ ನಂಗೆ ನಾಚಿಕೆ ಆಯ್ತು."

ಪ್ರತಾಪ್ ಅವಳ ಕಡೆಯ ಬಾಗಿಲು ತೆಗೆದು ಹಿಡಿದ. ಮೆಲ್ಲಗೆ ಅಂದ: "ಬರದೇ ಹೋದೋನು ಅವನು. ನಾಚ್ಕೆ ನಿಮಗ್ಯಾಕ್ರೀ?"

"ಅದು ಅವನದೇ ಇರಲಿ. ಆದ್ರೆ ನಿಮ್ಮನ್ನ ಎಲ್ಲರೆದುರು ಅಂದದ್ದು ನಾನು. ಆ ನಾಚಿಕೆ ನಂದೇ."

ಅವಳು ಫೋನು ತೆಗೆದಳು. ಗುಂಪಿಗೆ ವಾಯ್ಸ್ ಮೆಸೇಜು ಒತ್ತಿ ಹಿಡಿದಳು.

"ನಾನು ನೇತ್ರಾವತಿ. ಈ ಮಂಟಪದಲ್ಲಿ ನನ್ನ ಮದುವೆ ಮುರಿದಿತ್ತು. ಅದನ್ನ ಹೇಳೋಕೆ ಬಾಯಿ ಬರದೆ ಪ್ರತಾಪ್ ಅವ್ರ ಮೇಲೆ ತಪ್ಪು ಹೊರಿಸಿದೆ. ಅವರು ನಿಮ್ಮೆಲ್ಲರ ಅನುಕೂಲ ನೋಡಿದ್ರು, ನಾನು ನನ್ನದೊಂದೇ ನೋಡಿದೆ. ನನ್ನಿಂದ ತಪ್ಪಾಯ್ತು."

ಬೆರಳು ಬಿಟ್ಟಳು. ಮೆಸೇಜು ಹೋಯಿತು.

ಮರುಕ್ಷಣ ಮಂಟಪದ ಒಳಗಿಂದ ಅವಳದೇ ದನಿ ಕೇಳಿಸಿತು. ಮೊದಲು ಒಂದು ಫೋನಿನಲ್ಲಿ, ಆಮೇಲೆ ಇನ್ನೊಂದರಲ್ಲಿ, ಮತ್ತೊಂದರಲ್ಲಿ... ಮದುವೆ ಮುರಿದಿತ್ತು, ತಪ್ಪಾಯ್ತು, ನಾನು ನೇತ್ರಾವತಿ... ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಎಲ್ಲ ಫೋನೂ ಸುಮ್ಮನಾದವು.

ಬಾಗಿಲಲ್ಲಿ ಒಂದು ಮುದುಕಿ ಕಾಣಿಸಿಕೊಂಡಳು. ಮಂಡಿ ಹಿಡಿದುಕೊಂಡೇ ಕೂಗಿದಳು:

"ಅದೆಲ್ಲಾ ಇರ್ಲಿ ಮಗಾ! ಕಡುಬು ತಂದ್ಯೋ ಇಲ್ವೋ ಅದನ್ನ ಹೇಳು!"

ಒಳಗೆ ಎಲ್ಲರೂ ಗೊಳ್ಳೆಂದರು. ಅಳುತ್ತಿದ್ದ ನೇತ್ರಾವತಿಗೂ ನಗು ಬಂದುಬಿಟ್ಟಿತು.

ಇಳಿದಳು. ತಪ್ಪಲೆಯ ಒಂದು ಕಡೆ ಅವನು ಹಿಡಿದ, ಇನ್ನೊಂದು ಕಡೆ ಅವಳು. ಮೆಟ್ಟಿಲ ಹತ್ತಿರ ಅವಳು ಮತ್ತೆ ನಿಂತಳು.

"ನಾವಿಬ್ರೂ ಹೀಗೆ ಒಟ್ಟಿಗೆ ಈ ಮಂಟಪದೊಳಗೆ ಹೋದ್ರೆ... ಜನ ಏನಂದ್ಕೋತಾರೆ?"

"ಅಂದ್ಕೊಳ್ಳಲಿ ಅಂತಾನೇ ಬತ್ತಾ ಇದ್ದೀನಿ ಕಣ್ರೀ."

ಅವಳು ತಟ್ಟನೆ ತಲೆಯೆತ್ತಿದಳು. ಅವನ ಕಿವಿ ಕೆಂಪಾಗಿತ್ತು, ಆದರೆ ಕಣ್ಣು ತಪ್ಪಿಸಲಿಲ್ಲ.

"ನಿಮ್ಮ ದನಿ ಕೇಳ್ದೆ ನಂಗೆ ಬೆಳಗಾಗಲ್ಲ. ಎಷ್ಟೋ ದಿನದಿಂದ ಹಂಗೇ ಐತೆ. ನಿಮಗೆ ಇಷ್ಟ ಇಲ್ಲ ಅಂದ್ರೆ ಈಗ್ಲೇ ಹೇಳಿ, ಕೆಂಚಮ್ಮನ್ನ ಕರೀತೀನಿ, ತಪ್ಪಲೆ ಹಿಡ್ಕೊಳ್ಳೋಕೆ."

"ಅವ್ರಿಗೆ ಮಂಡಿನೋವಲ್ವಾ?"

"ಹೂಂ."

ನೇತ್ರಾವತಿ ಬಾಗಿಲ ಕಡೆ ನೋಡಿದಳು. ಒಳಗಿದ್ದವರೆಲ್ಲಾ ಎದ್ದು ಬಂದು ಅಲ್ಲಿ ಗುಂಪುಕಟ್ಟಿ ನಿಂತಿದ್ದರು. ಎಲ್ಲರ ಕಣ್ಣೂ ಇವಳ ಮುಖದ ಮೇಲೆ.

ಅವಳು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು.

"ಸ್ವಲ್ಪ ಮೆಲ್ಲಗೆ ನಡೀರಿ" ಅಂದಳು, ಅವನಿಗಷ್ಟೇ ಕೇಳುವ ಹಾಗೆ. "ಎಲ್ಲರೂ ಚೆನ್ನಾಗಿ ನೋಡ್ಲಿ."