ಕ್ಷಮಾವಣಿಯ ದಿನ ಬಂದ ಡಬ್ಬಿ

"ಮುನೀಂದ್ರ ಅದಾರೇನ್ರಿ? ಈ ಡಬ್ಬಿ ಕೊಟ್ಟು ಹೋಗೋದದ!"

ಹಲಸೂರಿನ ಬಸದಿಯ ಬಾಗಿಲಲ್ಲಿ ನಿಂತು ಕಾವೇರಿ ಕೇಳಿದ ರೀತಿಗೆ ಒಳಗಿದ್ದವರೆಲ್ಲ ತಿರುಗಿ ನೋಡಿದರು. ಕಗ್ಗದಾಸಪುರದಿಂದ ಎರಡು ಬಸ್ ಬದಲಿಸಿ ಬಂದಿದ್ದಳು. ಅಳಬಾರದು ಎಂದು ದಾರಿಯುದ್ದಕ್ಕೂ ಹೇಳಿಕೊಂಡಿದ್ದಳು. ಕಣ್ಣು ಮಾತು ಕೇಳಿರಲಿಲ್ಲ.

"ತೆಂಗಿನಕಾಯಿ ತರೋಕೆ ಹೋಗಿದ್ದಾನೆ, ಈಗ ಬರ್ತಾನೆ. ಒಳಗೆ ಬಾಮ್ಮ," ಎಂದರು ಕೆನೆಬಣ್ಣದ ಸೀರೆಯ ಹಿರಿಯ ಹೆಂಗಸು. "ಆ ಬ್ಯಾಗ್ ಹೊರಗೆ ಇಡು. ಚರ್ಮದ್ದು ಒಳಗೆ ತರಲ್ಲ."

"ಇದು ರೆಕ್ಸಿನ್ನು ಬಿಡ್ರಿ! ಚರ್ಮದ್ದು ತೊಗೊಳ್ಳೋ ಸಂಬಳ ನನಗೆಲ್ಲಿ ಅದ?"

ಆಕೆ ನಕ್ಕರು. ಕಾವೇರಿಗೆ ನಗು ಬರಲಿಲ್ಲ. ಹೇಗೆ ಬಂದೀತು, ಪಾಪ!

ಗರುಡಾಚಾರ್‌ಪಾಳ್ಯದ ಪ್ಯಾಕಿಂಗ್ ಯೂನಿಟ್ಟಿನಲ್ಲಿ ಮುನೀಂದ್ರ ಸ್ಟೋರ್ ನೋಡಿಕೊಳ್ಳುತ್ತಿದ್ದ, ಇವಳು ಚೆಕಿಂಗ್‌ನಲ್ಲಿದ್ದಳು. ಹನ್ನೊಂದು ದಿನದ ಹಿಂದೆ, ಅವನು ಚಿಕ್ಕಿ ತುಂಬಿ ಕೊಟ್ಟ ಡಬ್ಬಿಯನ್ನು ಎದೆಗವಚಿಕೊಂಡು ಹೇಳಿಯೇಬಿಟ್ಟಿದ್ದಳು.

"ನೀವಂದ್ರ ನನಗ ಭಾಳ ಇಷ್ಟ ರೀ..."

ಅವನ ಕಿವಿ ಕೆಂಪಾಗಿತ್ತು. "ನಾಳೆಯಿಂದ ಹತ್ತು ದಿನ ವ್ರತ, ರಜಾ ಹಾಕಿದೀನಿ. ಹಲಸೂರು ಬಸದಿಯಲ್ಲೇ ಇರ್ತೀನಿ. ಮುಗಿದ ಕೂಡ್ಲೇ ಉತ್ತರ ಹೇಳ್ತೀನಿ, ಕಾವೇರಿ," ಅಂದಿದ್ದ.

ಹತ್ತು ದಿನ ಕಾದಳು. ಇವತ್ತು ಬೆಳಿಗ್ಗೆ ಮೊಬೈಲಿಗೆ ಬಂದದ್ದು ಇಷ್ಟು: "ತಿಳಿದೋ ತಿಳಿಯದೆಯೋ ನನ್ನಿಂದ ನಿಮ್ಮ ಮನಸ್ಸಿಗೆ ನೋವಾಗಿದ್ದರೆ ಕೈಮುಗಿದು ಕ್ಷಮೆ ಕೇಳುತ್ತೇನೆ."

ಅಂದರೆ ಬೇಡ ಅಂತ ತಾನೇ? ಬೇಡ ಅನ್ನೋದಕ್ಕೆ ಇಷ್ಟೊಂದು ಮರ್ಯಾದೆ ಯಾಕೆ ಬೇಕಿತ್ತು!

ಗರ್ಭಗುಡಿಯಲ್ಲಿ ಕರಿಕಲ್ಲಿನ ತೀರ್ಥಂಕರರು ಸುಮ್ಮನೆ ಕೂತಿದ್ದರು. ಒಡವೆಯಿಲ್ಲ, ರೇಷ್ಮೆಯಿಲ್ಲ, ಕೈಯಲ್ಲಿ ಆಯುಧವೂ ಇಲ್ಲ.

"ಇವ್ರ ಹತ್ರ ಏನ್ ಬೇಡ್ಕೋಬೇಕ್ರಿ?"

"ಏನೂ ಬೇಡೋ ಹಾಗಿಲ್ಲಮ್ಮ. ಎಲ್ಲಾ ಬಿಟ್ಟವರು, ಏನು ಕೊಟ್ಟಾರು? ಕೋಪ, ಆಸೆ ಗೆದ್ದವರು ಇವರು. ನಾವೂ ಸ್ವಲ್ಪ ಹಾಗೇ ಆಗ್ಬೇಕು ಅಂತ ನೋಡ್ತೀವಿ, ಅಷ್ಟೆ."

ಕೋಪ ಗೆಲ್ಲೋದು! ನನ್ನ ಕೈಲಾಗದ ಮಾತು ಅಂದುಕೊಂಡಳು ಕಾವೇರಿ.

ಅಷ್ಟರಲ್ಲಿ ಪಕ್ಕದಲ್ಲೊಬ್ಬ ಅತ್ತೆ ತನ್ನ ಸೊಸೆಗೆ ಕೈಮುಗಿದಳು. "ತಿಳಿದೋ ತಿಳಿಯದೆಯೋ ನನ್ನಿಂದ ನಿನ್ನ ಮನಸ್ಸಿಗೆ ನೋವಾಗಿದ್ರೆ..."

ಅದೇ ಮಾತು!

"ಇವ್ರೆಲ್ಲ ಯಾಕ ಹಿಂಗ ಕ್ಷಮಾ ಕೇಳಾಕತ್ತಾರ?" ಎಂದು ಕೆನೆಬಣ್ಣದ ಸೀರೆಯವರನ್ನು ಕೇಳಿದಳು.

"ಇವತ್ತು ಕ್ಷಮಾವಣಿ ಅಲ್ವಾ? ಹತ್ತು ದಿನದ ಪರ್ವ ಮುಗಿದ ಮೇಲೆ ಎಲ್ಲರೂ ಎಲ್ಲರ ಹತ್ರಾನೂ ಕ್ಷಮೆ ಕೇಳ್ತೀವಿ. ದೂರ ಇರೋರಿಗೆ ಮೊಬೈಲಲ್ಲೇ. ನನ್ನ ಮಗ ಮುನೀಂದ್ರ ಬೆಳಿಗ್ಗೆ ಗ್ಯಾಸ್ ಏಜೆನ್ಸಿಯವರಿಗೂ ಕಳಿಸಿದಾನೆ!"

ನನ್ನ ಮಗ! ಕಾವೇರಿ ಆಕೆಯ ಮುಖವನ್ನೇ ನೋಡಿದಳು. ಆಕೆಯ ಕಣ್ಣು ಈಗ ಡಬ್ಬಿಯ ಮುಚ್ಚಳದ ಮೇಲಿತ್ತು. ಅಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು, 'ಜಯಮಾಲಾ'.

"ಇದು ನನ್ನ ಡಬ್ಬಿ... ನೀನೇನಾ ಕಾವೇರಿ?"

ಕಾವೇರಿ ತಲೆಯಾಡಿಸಿದಳು. ಜಯಮಾಲಾ ನಿಧಾನವಾಗಿ ಎರಡೂ ಕೈ ಜೋಡಿಸಿದರು.

"ಮಗ ನಿನ್ನ ವಿಷಯ ಹೇಳಿದಾಗ, ನಮ್ಮೋರಲ್ಲ, ಬೇಡ ಅಂದ್ಬಿಟ್ಟೆ. ನಿನ್ನ ಮುಖಾನೂ ನೋಡಿರಲಿಲ್ಲ. ದಿನಾ ಇಲ್ಲಿ ಕ್ಷಮೆಯ ಉಪದೇಶ ಕೇಳೋದು, ಹೊರಗೆ ಬಂದು ಅವನಿಗೆ ಬೇಡ ಅನ್ನೋದು... ನನ್ನ ಕ್ಷಮಿಸಮ್ಮ."

"ಅಯ್ಯೋ, ಹಿರಿಯರು ನೀವು!" ಕಾವೇರಿ ಆ ಕೈಗಳನ್ನು ಹಿಡಿದುಕೊಂಡಳು. ಈಗ ಕಣ್ಣೀರು ತಡೆಯುವವರೇ ಇರಲಿಲ್ಲ. "ನನ್ನೂ ಕ್ಷಮಿಸ್ರಿ. ಬಸ್ಸಿನ್ಯಾಗ ಪೂರ್ತಿ ನಿಮ್ಮ ಮಗನ್ನ ಬೈಕೋತ ಬಂದೀನಿ!"

ಜಯಮಾಲಾ ನಗುತ್ತಲೇ ಕಣ್ಣೊರೆಸಿಕೊಂಡು ಡಬ್ಬಿ ತೆಗೆದುಕೊಂಡರು. "ಭಾರ ಇದೆಯಲ್ಲ?"

"ಶೇಂಗಾ ಹೋಳಿಗಿ ರೀ. ಸಿಟ್ಟಿತ್ತು... ಆದ್ರೂ ಖಾಲಿ ಡಬ್ಬಿ ಕೊಡಾಕ ಮನಸ್ಸು ಬರಲಿಲ್ಲ."

ಬಾಗಿಲಲ್ಲಿ ಬಿಳಿ ಪಂಚೆಯುಟ್ಟ ಮುನೀಂದ್ರ, ಕೈಯಲ್ಲಿ ತೆಂಗಿನಕಾಯಿ ಹಿಡಿದು ನಿಂತುಬಿಟ್ಟಿದ್ದ.

"ಕಾವೇರಿ! ನೀವು... ಇಲ್ಲಿ?"

"ನಿಮ್ಮ ಕ್ಷಮಾ ಸಿಕ್ತು. ಉತ್ತರ ಸಿಗಲಿಲ್ಲ."

ಅವನು ಅಮ್ಮನತ್ತ ನೋಡಿದ.

"ನನ್ನ ಮುಖ ಯಾಕೋ ನೋಡ್ತೀಯ? ಅವಳ ಮುಖ ನೋಡಿ ಹೇಳು," ಎಂದು ಜಯಮಾಲಾ ಡಬ್ಬಿ ಹಿಡಿದು ಒಳಗೆ ನಡೆದರು.

ಮುನೀಂದ್ರ ತೆಂಗಿನಕಾಯಿ ಕೆಳಗಿಟ್ಟು ಅವಳತ್ತ ತಿರುಗಿದ.

"ಅಮ್ಮ ಒಪ್ಪದೇ ಇದ್ರೂ ಸಂಜೆ ನಿಮ್ಮನೆಗೆ ಬಂದು ಹೇಳ್ಬೇಕು ಅಂತಿದ್ದೆ. ಇಂಥ ಮಾತು ಮೊಬೈಲಲ್ಲಿ ಹೇಗೆ ಹೇಳ್ಲಿ? ನನಗೂ ನೀವಂದ್ರೆ ಇಷ್ಟ, ಕಾವೇರಿ. ತುಂಬಾ ಇಷ್ಟ."

ಅವಳ ಕೆನ್ನೆ ಇನ್ನೂ ಒದ್ದೆಯಿತ್ತು. ತುಟಿಯಲ್ಲಿ ಮಾತ್ರ ತುಂಟತನ.

"ಇದನ್ನೂ ಗ್ಯಾಸ್ ಏಜೆನ್ಸಿಯವ್ರಿಗೆ ಹೇಳ್ತೀರೇನು?"

"ಇಲ್ಲ ರೀ... ಇದು ನಿಮಗೊಬ್ಬರಿಗೇ."

"ಹಂಗಾದ್ರ," ಎಂದಳು ಕಾವೇರಿ ಮೆಲ್ಲಗೆ, "ಕ್ಷಮಿಸೀನಿ."