ಮಾವನ ಅಳತೆಯ ರೈಫಲ್

ಹೊಲಕ್ಕೆ ಬರುವ ಹಂದಿ ಬೆದರಿಸಲು ಮೇಡ್ಲೇರಿಯ ನನ್ನ ಸೋದರಮಾವ ಪ್ರಭುಲಿಂಗಪ್ಪ ನಾಲ್ಕು ಲಕ್ಷ ಸುರಿದು, ತಮ್ಮ ಗಿಡ್ಡ ತೋಳಿನ ಅಳತೆಗೇ ರೈಫಲ್ ಮಾಡಿಸಿದ್ದರು.

"ಇಷ್ಟು ರೊಕ್ಕ ಯಾಕ್ರಿ ಮಾವಾ?" ಎಂದು ಕೇಳಿದ್ದೆ.

"ರೊಕ್ಕಕ್ಕ ಮೋಸಿಲ್ಲಪಾ. ಹೆಗಲಿಗೆ ಒಮ್ಮಿ ಕುಂತ್ರ ಮುಗೀತು."

ಅವರು ತೀರಿಕೊಂಡಾಗ ಅದು ಚುನಾವಣೆಗೆಂದು ಪೊಲೀಸ್ ಠಾಣೆಯಲ್ಲಿ ಜಮೆಯಾಗಿತ್ತು. ಲೈಸನ್ಸು ನನ್ನ ಹೆಸರಿಗಾದ ಮೇಲೆ ರಾಣೆಬೆನ್ನೂರಿಗೆ ತಂದೆ. ಹೆಗಲಿಗೊತ್ತುವ ಕಟ್ಟಿಗೆ ನನ್ನ ಉದ್ದ ಕೈಗೆ ಗಿಡ್ಡವಾಗಿತ್ತು. ಆದರೆ ಯಾರೋ ಈಗಷ್ಟೇ ಕೆನ್ನೆಯೊತ್ತಿ ಎದ್ದುಹೋದಂತೆ ಬೆಚ್ಚಗಿತ್ತು. ಒರೆಸಿಟ್ಟು ಮರುದಿನ ಮುಟ್ಟಿದರೂ ಅದೇ ಬಿಸಿ. ಬೇಡವೆಂದುಕೊಂಡರೂ ದಿನಕ್ಕೊಮ್ಮೆ ಹೆಗಲಿಗೇರಿಸುತ್ತಿದ್ದೆ.

ಆಯುಧಪೂಜೆಯ ಬೆಳಿಗ್ಗೆ ಅದು ಹೆಗಲಿಗೆ ಸರಿಯಾಗಿ ಕೂತಿತು. ಗಾಬರಿಯಿಂದ ಟೇಪು ಹಿಡಿದೆ. ತಂದ ದಿನ ಅಳೆದದ್ದಕ್ಕಿಂತ ರೈಫಲ್ ಒಂದು ನೂಲೂ ಬೆಳೆದಿರಲಿಲ್ಲ.

ಪೂಜೆಗೆ ಹೊರಟಾಗ ಹೆಂಡತಿ ನಿರ್ಮಲಾ ನನ್ನ ಅಂಗಿ ಜಗ್ಗಿ ನೋಡಿದಳು.

"ಹೋದ ವರ್ಷದ್ದ ಅಂಗಿ ಅಲ್ರಿ ಇದು? ಬಲಗೈ ತೋಳಷ್ಟ ಯಾಕ ಬೆರಳು ಮುಚ್ಚಾಕತ್ತೈತಿ?"