ಬೀಗ ಹಾಕಿದ ಕೆರೆ

ಚಹಾ ಲೋಟದ ತಳಕ್ಕೆ ಅಂಟಿದ್ದ ಕಲೆಯನ್ನು ಅವಳು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು. ಕಚೇರಿಯ ಸಿಂಕಿನಲ್ಲಿ ಎಲ್ಲರ ಲೋಟಗಳೂ ರಾಶಿ ಬಿದ್ದಿದ್ದವು. ಇವತ್ತು ತೊಳೆಯುವ ಸರದಿ ಅವಳದು.

ಬೆನ್ನ ಹಿಂದೆ ಯಾರೋ ಬಂದು ನಿಂತರು.

"ನಿಮಗೊಂದು ಮಾತು ಹೇಳಬೇಕಿತ್ತು..."

ಆ ದನಿ! ತಿರುಗದೆಯೇ ಗೊತ್ತಾಯಿತು. ವಿಡಿಯೊ ಗೇಮಿಗೆ ಸದ್ದು ಕೂಡಿಸುವವನು. ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವ ಹಾಗೆ ಇರುತ್ತಿದ್ದವನಿಗೆ ಕಚೇರಿಯವರೆಲ್ಲ ಸೇರಿ ಇಟ್ಟ ಅಡ್ಡಹೆಸರು 'ಗದ್ದಲ'.

"ಹೇಳಿ."

"ನಿಮ್ಮ ಕೆರೆಗೆ ಬೀಗ ಹಾಕಿದೀನಿ. ಶುಕ್ರವಾರದವರೆಗೂ ತೆಗೆಯಲ್ಲ."

ಲೋಟ ಕೈಜಾರಿ ಸಿಂಕಿಗೆ ಬಿತ್ತು.

ಕೆರೆ ಎಂದರೆ ನೀರಿನ ಕೆರೆಯಲ್ಲ. ಆಟ ಆಡುವವರು ಪರದೆಯೊಳಗೆ ಓಡಾಡಲು ಒಂದು ನೆಲ ಬೇಕಲ್ಲ, ಗುಡ್ಡ, ದಾರಿ, ಮರ, ಮಂಜು... ಅದನ್ನು ಕಟ್ಟುವುದೇ ಅವಳ ಕಸುಬು. ಈ ಸಲ ಹೆದರಿಸುವ ಆಟವೊಂದಕ್ಕೆ ಅವಳು ಕಟ್ಟಿದ್ದು ಒಂದು ಬತ್ತಿದ ಕೆರೆ. ಬಿರುಕು ಬಿಟ್ಟ ಕೆಸರು. ಮೊಣಕಾಲೆತ್ತರ ಮಂಜು. ಕೆಸರಿನಲ್ಲಿ ಅರ್ಧ ಹೂತುಹೋದ ದೋಣಿಗಳು. ಎಲ್ಲ ದೋಣಿಗಳ ಮೂತಿಯೂ ದಡದ ಕಡೆಗೇ ಇತ್ತು, ಕೆರೆಯ ನಡುವಿನಿಂದ ಒಟ್ಟಿಗೆ ತಪ್ಪಿಸಿಕೊಂಡು ಬಂದ ಹಾಗೆ!

ಹಾಗಾದರೆ ನಡುವೆ ಏನಿದೆ? ಏನೂ ಇಲ್ಲ. ಅದೇ ಅವಳ ಹಟ.

"ದೆವ್ವ ಎಲ್ಲಮ್ಮಾ?" ಎಂದು ಕಚೇರಿಯ ಯಜಮಾನರು ಕೇಳಿದ್ದರು. "ದೆವ್ವಾನೇ ಇಲ್ದೆ ಜನ ಹೆದರ್ಕೊಳ್ಳೋಕೆ ಅದೇನು ಅತ್ತೆ ಮನೆನಾ?"

ಶುಕ್ರವಾರ ಅವರೇ ಕೂತು ಆಡಿ ನೋಡುವವರಿದ್ದರು. ಮೈ ಜುಮ್ಮೆನ್ನದಿದ್ದರೆ ಕೆರೆಯೂ ಆಟದಿಂದ ಹೊರಗೆ, ಅವಳೂ ಕೆಲಸದಿಂದ ಹೊರಗೆ.

ಇಂಥ ಹೊತ್ತಿನಲ್ಲಿ ಬೀಗ!

ಒಂದೇ ಒಲೆಯ ಮುಂದೆ ಇಬ್ಬರು ನಿಂತರೆ ಉಪ್ಪು ಎರಡು ಸಲ ಬೀಳುತ್ತದೆ. ಅದಕ್ಕೇ ಅವರ ಕಸುಬಿನಲ್ಲಿ, ಕಂಪ್ಯೂಟರಿನ ಕಡತಕ್ಕೆ, ಈ ಬೀಗ. ಒಬ್ಬರು ಹಾಕಿಕೊಂಡರೆ, ಅವರೇ ತೆಗೆಯುವವರೆಗೆ ಇನ್ನೊಬ್ಬರು ಮುಟ್ಟುವಂತಿಲ್ಲ, ಒಳಗೆ ನಡೆದ ಕೆಲಸ ನೋಡುವಂತೆಯೂ ಇಲ್ಲ. ಹೋದ ವರ್ಷ ಜೊತೆಗಾರನೊಬ್ಬ ಹೀಗೇ ಬೀಗ ಹಾಕಿ, ಅವಳು ಕಟ್ಟಿದ ಕಾಡನ್ನು ತನ್ನದೆಂದು ತೋರಿಸಿ ಬಡ್ತಿ ಗಿಟ್ಟಿಸಿಕೊಂಡಿದ್ದ. ಹಾವು ಕಂಡವಳಿಗೆ ಹಗ್ಗವೂ ಹೆಡೆ ಎತ್ತುತ್ತದೆ.

"ಯಾಕೆ?"

"ಈಗ ಹೇಳೋಕಾಗಲ್ಲ. ನನ್ನನ್ನ ನಂಬಿ."

"ನಂಬಿ! ಅವನೂ ಇದೇ ಮಾತು ಹೇಳಿದ್ದ."

ಅವನ ಮುಖ ಬಾಡಿತು. ತೊಳೆದಿಟ್ಟ ಲೋಟವೊಂದನ್ನು ಸುಮ್ಮನೆ ಒರೆಸಿ ಮಗುಚಿಟ್ಟು ಹೊರಟುಹೋದ.

*ಇವನೂ ಅಷ್ಟೇನಾ? ದೇವರೇ, ಇವನೂನಾ?*

ಸಂಜೆ ಮನೆಯಲ್ಲಿ ಅತ್ತಿಗೆ ಬಟ್ಟೆ ಮಡಿಸುತ್ತಾ ಅವಳ ಮುಖ ನೋಡಿದರು.

"ಏನೇ, ಮುಖ ಹರಳೆಣ್ಣೆ ಕುಡಿದ ಹಾಗಿದೆ?"

ಅವಳು ಎಲ್ಲವನ್ನೂ ಹೇಳಿಕೊಂಡಳು. ಬೀಗದ ಸಂಗತಿ ಅತ್ತಿಗೆಗೆ ಅರ್ಧ ಅರ್ಥವಾಯಿತು. ಆದರೆ ಅವನ ಸಂಗತಿ ಪೂರ್ತಿ ಗೊತ್ತಿತ್ತು. ಮನೆಯಲ್ಲಿ ಆ ಗುಟ್ಟು ಬಲ್ಲವರು ಅವರೊಬ್ಬರೇ.

ಅವನು ಅವಳಿಗೆ ಮೇಲ್ ಕಳಿಸಿ ತಿಂಗಳುಗಳೇ ಕಳೆದಿದ್ದವು. 'ನಿಮ್ಮ ಜೊತೆ ಬಾಳುವ ಆಸೆ ಇದೆ. ಉತ್ತರಕ್ಕೆ ಅವಸರವಿಲ್ಲ' ಎಂದಷ್ಟೇ ಬರೆದಿದ್ದ. ಅವಳು ಅವತ್ತೇ ಉತ್ತರ ಬರೆದಳು. ಒಪ್ಪಿಗೆಯನ್ನೇ ಬರೆದಳು! ಕಳಿಸಲು ಮಾತ್ರ ಧೈರ್ಯ ಬರಲಿಲ್ಲ. ಒಮ್ಮೆ ನಂಬಿ ಕೆಟ್ಟವಳು.

"ಬರೆದಿಟ್ಟು ಕಳಿಸ್ದೆ ಕೂತಿದೀಯಲ್ಲ, ಕಾಗದ ಏನು ಉಪ್ಪಿನಕಾಯಿನಾ, ಇಟ್ಟಷ್ಟೂ ರುಚಿ ಬರೋಕೆ?" ಎಂದು ಅತ್ತಿಗೆ ಎಷ್ಟೋ ಸಲ ಛೇಡಿಸಿದ್ದರು.

"ಇವತ್ತು ಅಳಿಸಿಬಿಡ್ತೀನಿ ಅತ್ತಿಗೆ." ಅವಳ ಬೆರಳು ಫೋನಿನಲ್ಲಿ ಅಳಿಸುವ ಗುಂಡಿಯ ಮೇಲಿತ್ತು.

ಅತ್ತಿಗೆ ಈ ಸಲ ನಗಲಿಲ್ಲ. "ಅಳಿಸೋಕೆ ಎಷ್ಟು ಹೊತ್ತು ಬೇಕು? ಶುಕ್ರವಾರ ಕಳೀಲಿ. ಅವನ ಬಣ್ಣ ಯಾವುದು ಅಂತ ನೋಡ್ಕೊಂಡೇ ಅಳಿಸು."

ಶುಕ್ರವಾರ ಬಂತು.

ಚಿಕ್ಕ ಕೋಣೆ. ಕಿಟಕಿಗಳಿಗೆ ಪರದೆ ಎಳೆದಿದ್ದರು. ಗದ್ದಲ ಬೀಗ ತೆಗೆದು ಕೆರೆಯನ್ನು ದೊಡ್ಡ ಪರದೆಯ ಮೇಲೆ ಬಿಟ್ಟು ಪಕ್ಕಕ್ಕೆ ಸರಿದ. ಯಜಮಾನರು ಆಡತೊಡಗಿದರು.

ಚರಕ್... ಚರಕ್... ಒಣಕೆಸರಿನ ಮೇಲೆ ಅವರ ಹೆಜ್ಜೆಯ ಸದ್ದು. ಬೇರೇನೂ ಇಲ್ಲ! ಗಾಳಿಯಿಲ್ಲ, ಹಕ್ಕಿಯಿಲ್ಲ, ಒಂದು ಹುಳುವಿನ ಸದ್ದೂ ಇಲ್ಲ.

ಇಷ್ಟು ದಿನ ಬೀಗ ಹಾಕಿಕೊಂಡು ಮಾಡಿದ್ದು ಇದೇನಾ? ಏನೂ ಮಾಡದೇ ಕೂತಿದ್ದನಾ?

"ಏನಯ್ಯಾ ಗದ್ದಲ, ನಿದ್ದೆ ಹೊಡೀತಿದ್ಯಾ?" ಯಜಮಾನರು ಆಕಳಿಸಿದರು. "ನಿಲ್ಲಿಸ್ಲಾ ಇದನ್ನ?"

'ಸರ್, ಇದು ನಾನು ಮಾಡಿದ್ದಲ್ಲ, ಇವರೇ ಕೆಡಿಸಿದ್ದು.' ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಒಂದೇ ಮಾತು. ಅದನ್ನು ಆಡಿದರೆ ಕೆಲಸ ಉಳಿದೀತು.

ಅವಳು ಅವನ ಕಡೆ ನೋಡಿದಳು. ಅವನು ಪರದೆ ನೋಡುತ್ತಿರಲಿಲ್ಲ. ಮೊಣಕಾಲುಗಳನ್ನು ಬಿಗಿಯಾಗಿ ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದ. ಕದ್ದವರ ಕಣ್ಣು ಹಾಗಿರುವುದಿಲ್ಲ...

ಅವಳು ಯಜಮಾನರ ಕಡೆ ತಿರುಗಿದಳು.

"ಇನ್ನೂ ಸ್ವಲ್ಪ ಮುಂದೆ ಹೋಗಿ ಸರ್."

ಚರಕ್, ಚರಕ್. ದೋಣಿಗಳು ಹಿಂದೆ ಉಳಿದವು. ಮಂಜು ದಟ್ಟವಾಯಿತು. ಕೆರೆಯ ನಡುವೆ ಬಂದು ಯಜಮಾನರು ನಿಂತರು.

ಚರಕ್.

ನಿಂತ ಮೇಲೆ ಒಂದು ಹೆಜ್ಜೆ!

"ಯಾರದು?" ಯಜಮಾನರು ಪರದೆಯೊಳಗೆ ಹಿಂದೆ ತಿರುಗಿ ನೋಡಿದರು. ಬರೀ ಮಂಜು. ನಾಲ್ಕು ಹೆಜ್ಜೆ ನಡೆದು ಮತ್ತೆ ನಿಂತರು.

ಚರಕ್. ಈ ಸಲ ಇನ್ನೂ ಹತ್ತಿರ.

ಯಜಮಾನರು ಕೂತ ಕುರ್ಚಿಯಲ್ಲೇ ಗಕ್ಕನೆ ತಿರುಗಿ ತಮ್ಮ ಬೆನ್ನ ಹಿಂದಿನ ಗೋಡೆ ನೋಡಿದರು! ಆಮೇಲೆ ಆಟದೊಳಗೆ ಓಡಿದರು. ಓಡಿದ್ದು ಎತ್ತ? ದೋಣಿಗಳು ಮೂತಿ ಮಾಡಿದ್ದ ದಡದತ್ತಲೇ.

"ಲೈಟ್ ಹಾಕ್ರಯ್ಯಾ ಮೊದಲು!"

ಬೆಳಕು ಬಂತು. ಯಜಮಾನರು ಹಣೆ ಒರೆಸಿಕೊಂಡರು. "ಅಬ್ಬಬ್ಬಾ! ದೆವ್ವ ಬೇಡ, ಏನೂ ಬೇಡ. ಕೆರೆ ಹೀಗೇ ಇರ್ಲಿ. ಆವತ್ತೇ ಹುಡುಗರಿಗೆ ಹೇಳಿದ್ದೆ, ಆಯಮ್ಮಂಗೆ ತಿಳಿಸ್ದೆ ನಾಲ್ಕು ದೆವ್ವ ತಂದು ನಿಲ್ಲಿಸಿ ಅಂತ. ಬೀಗ ಬಿದ್ದಿದೆ ಸರ್ ಅಂದ್ರು. ಒಳ್ಳೇದೇ ಆಯ್ತು! ಯಾರ ಕೆಲಸ ಇದು?"

"ನೆಲ ಪೂರ್ತಿ ಅವರದು," ಎಂದ ಗದ್ದಲ. "ನಾನು ಒಂದು ಹೆಜ್ಜೆ ಸೇರಿಸಿದೆ, ಅಷ್ಟೆ."

ಅವಳ ಕಣ್ಣು ತುಂಬಿ ಬಂತು. ಜೊತೆಗೆ ಸಿಟ್ಟೂ ಬಂತು. ಎಲ್ಲರೂ ಹೋದ ಮೇಲೆ ಅವನ ದಾರಿಗೆ ಅಡ್ಡ ನಿಂತಳು.

"ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

"ಹುಡುಗರಿಗೆ ಅವರು ಹೇಳಿದ್ದು ನನ್ನ ಕಿವಿಗೆ ಬಿತ್ತು, ಅದಕ್ಕೇ ಬೀಗ ಹಾಕಿದೆ. ಹೇಳಿದ್ರೆ ನೀವು ನೆಟ್ಟಗೆ ಯಜಮಾನರ ಹತ್ರ ಜಗಳಕ್ಕೆ ಹೋಗ್ತಿದ್ರಿ."

"ಹೋಗೇ ಹೋಗ್ತಿದ್ದೆ!"

"ಅವತ್ತೇ ಕೆಲಸದಿಂದ ತೆಗೀತಿದ್ರು..." ಅವನು ತಲೆ ತಗ್ಗಿಸಿದ. "ಆದ್ರೂ ಹೇಳಬೇಕಿತ್ತು. ನೆಲ ನಿಮ್ಮದು. ನಿಮ್ಮನ್ನ ಕೇಳದೆ ಬೀಗ ಹಾಕಿದ್ದು ತಪ್ಪು."

"ಇನ್ನೊಂದು ಸಲ, ನನ್ನ ಒಳ್ಳೇದಕ್ಕೇ ಅಂತಾದ್ರೂ, ನನ್ನಿಂದ ಮುಚ್ಚಿಟ್ರೆ..."

"ಮುಚ್ಚಿಡಲ್ಲ."

ಅವಳು ದಾರಿ ಬಿಟ್ಟು ಪಕ್ಕಕ್ಕೆ ಸರಿದಳು, ಅವನು ಹೋಗಲಿಲ್ಲ.

"ಇನ್ನೊಂದು ವಿಷಯ," ಎಂದ ಅವನು, ಗೋಡೆಗೆ ಹೇಳುವ ಹಾಗೆ. "ನಾನು ಬರೆದಿದ್ನಲ್ಲ, ಅದನ್ನ ಮರೆತುಬಿಡಿ. ನಿಮಗೆ ಹಿಂಸೆ ಬೇಡ."

ಅವಳು ತನ್ನ ಮೇಜಿನ ಮುಂದೆ ಹೋಗಿ ಕೂತು ಕಂಪ್ಯೂಟರ್ ತೆರೆದಳು. ಅವನು ಮೆಲ್ಲಗೆ ಹಿಂದೆಯೇ ಬಂದ.

"ಏನ್ ಮಾಡ್ತಿದೀರಿ?"

"ಸುಮ್ನಿರಿ. ಇರೋ ಧೈರ್ಯಾನೂ ಹೋಗುತ್ತೆ."

"ಹೆದರಿಕೆನಾ?"

"ಕೆರೆ ಮಧ್ಯ ನಿಂತಿದ್ದಕ್ಕಿಂತ ಜಾಸ್ತಿ."

"ಹಾಗಾದ್ರೆ ಇವತ್ತು ಬೇಡ ಬಿಡಿ. ನಾನು ಎಷ್ಟು ದಿನ ಬೇಕಾದ್ರೂ..."

"ಅಯ್ಯೋ! ವರ್ಷವೆಲ್ಲ ಮಾತಾಡದೋರು ಈಗ ಬಾಯಿ ಮುಚ್ತಿಲ್ವಲ್ಲ!" ಅವಳು ಅಳುತ್ತಲೇ ನಕ್ಕಳು. "ನಿಮ್ಮ ಫೋನ್ ತೆಗೆದು ಕೈಲಿ ಹಿಡ್ಕೊಳ್ಳಿ. ಹಿಡಿದ್ರಾ?"

"ಹಿಡಿದೆ."

ಹಳೆಯ ಉತ್ತರದಲ್ಲಿ ಒಂದಕ್ಷರವನ್ನೂ ಅವಳು ತಿದ್ದಲಿಲ್ಲ. ಕಣ್ಣು ಮುಚ್ಚಿ ಕಳಿಸುವ ಗುಂಡಿ ಒತ್ತಿದಳು.